ಆಕಾಶದಲ್ಲಿ ಕರೆಂಟು ಹೋದರೆ

ಕೇಳುಗರೇ, ನಮಸ್ಕಾರ.

ಮನೆಯಲ್ಲಿ ಕರೆಂಟು ಹೋದರೆ ಮೊದಲು ಪಕ್ಕದ ಮನೆ ಕಡೆ ಇಣುಕುತ್ತೇವೆ, ಅಲ್ವಾ? ಅವರದ್ದೂ ಹೋಗಿದ್ದರೆ ಏನೋ ಸಮಾಧಾನ. ಪುಟ್ಟ ವಿಮಾನದಲ್ಲಿ ಒಬ್ಬರೇ ಹಾರುವವರಿಗೆ ಆ ಸಮಾಧಾನವೂ ಇಲ್ಲ.

ಪೈಲಟ್ ತರಬೇತಿಗೆ ಎಲ್ಲೆಡೆ ಬಳಸುವ ಸೆಸ್ನಾ 172 ವಿಮಾನವನ್ನೇ ನೋಡಿ. ನಾಲ್ಕು ಸೀಟು, ಒಂದೇ ಎಂಜಿನ್. ಎಂಜಿನ್ನಿನ ಬಲದಿಂದ ತಿರುಗಿ ವಿಮಾನಕ್ಕೆಲ್ಲ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಕೆಟ್ಟರೆ ಎಂಜಿನ್ನೂ ನಿಲ್ಲುತ್ತದೆ ಅಂತ ಹಲವರ ಭಯ. ನಿಲ್ಲುವುದಿಲ್ಲ. ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವುದು ಮ್ಯಾಗ್ನೆಟೋ. ಎಂಜಿನ್ ತಿರುಗುತ್ತಿದ್ದರೆ ಅದಕ್ಕೆ ಬೇಕಾದ ಕರೆಂಟನ್ನು ಅದೇ ಹುಟ್ಟಿಸಿಕೊಳ್ಳುತ್ತದೆ. ಬ್ಯಾಟರಿ ಇಲ್ಲದೆ ಓಡುತ್ತಿದ್ದ ಹಳೆ ಮೊಪೆಡ್ ನೆನಪಿದೆಯಾ? ಅದೇ ಲೆಕ್ಕ.

ತೊಂದರೆ ಏನೆಂದರೆ, ಆಲ್ಟರ್ನೇಟರ್ ಕೈಕೊಟ್ಟ ಗಳಿಗೆಯಲ್ಲಿ ಏನೂ ಗೊತ್ತಾಗುವುದಿಲ್ಲ. ರೇಡಿಯೋ ಮಾತಾಡುತ್ತಲೇ ಇರುತ್ತದೆ. ಬ್ಯಾಟರಿ ಮಾತ್ರ ಸದ್ದಿಲ್ಲದೆ ಖಾಲಿಯಾಗುತ್ತಿರುತ್ತದೆ. ಈಗಿನ 172ಗಳಲ್ಲಿ 28 ವೋಲ್ಟ್ ಇರಬೇಕಾದದ್ದು 24.5ರ ಸುತ್ತಮುತ್ತ ಇಳಿದಾಗ ಎಚ್ಚರಿಕೆ ದೀಪ ಹತ್ತುತ್ತದೆ. ಆದರೂ ದೀಪವನ್ನೇ ನಂಬಿ ಕೂರಬಾರದು. ಆಗಾಗ ಕರೆಂಟಿನ ಹರಿವು ತೋರಿಸುವ ಆಮ್ಮೀಟರ್ ಮುಳ್ಳಿನ ಮೇಲೆ ಒಂದು ಕಣ್ಣಿರಲಿ.

ದೀಪ ಹತ್ತಿತು ಅನ್ನಿ. ಎದುರಿಗೇ ಎರಡು ಹೋಳಿನ ಕೆಂಪು ಮಾಸ್ಟರ್ ಸ್ವಿಚ್ ಇದೆ. ಆಲ್ಟರ್ನೇಟರ್ ಹೋಳನ್ನು ಆರಿಸಿ, ಕರೆಂಟು ಮಿತಿಮೀರಿದರೆ ಹೊರಕ್ಕೆ ಹಾರುವ ಗುಂಡಿ, ಅಂದರೆ ಅದರ ಸರ್ಕಿಟ್ ಬ್ರೇಕರ್, ಒಳಗಿದೆಯಾ ನೋಡಿ, ಮತ್ತೆ ಹಾಕಬೇಕು. ಬ್ರೇಕರ್ ಮತ್ತೆ ಹಾರಿದರೆ ಬಿಟ್ಟುಬಿಡಿ. ಹಟಕ್ಕೆ ಒತ್ತುತ್ತಾ ಹೋದರೆ ವೈರು ಸುಟ್ಟೀತು. ಸರಿಹೋಗಲಿಲ್ಲವೇ? ಇನ್ನು ಜಿಪುಣರಾಗಿ. ಲ್ಯಾಂಡಿಂಗ್ ಲೈಟು, ವೇಗ ಅಳೆಯುವ ಕೊಳವೆಯನ್ನು ಬಿಸಿ ಇಡುವ ಪಿಟೋ ಹೀಟರ್, ಎರಡನೇ ರೇಡಿಯೋ, ಬೇಡದ್ದೆಲ್ಲ ಆಫ್. ಕಂಟ್ರೋಲ್ ಟವರಿಗೆ ಈಗಲೇ ಹೇಳಿ, ಹತ್ತಿರದ ನಿಲ್ದಾಣದ ಕಡೆ ತಿರುಗಿ. ಬ್ಯಾಟರಿ ಅರ್ಧ ಗಂಟೆ ಬರಬಹುದು. ಹಳೆಯದಾಗಿದ್ದರೆ ಅಷ್ಟೂ ಬಾರದು. ನಿಧಾನವಾಗಿ ಇಳಿಯಲು ನೆರವಾಗುವ ರೆಕ್ಕೆಯ ಹಿಂಬದಿಯ ಹಲಗೆ, ಅಂದರೆ ಫ್ಲಾಪ್, ಅದನ್ನು ಇಳಿಸುವ ಮೋಟಾರಿಗೂ ಇದೇ ಕರೆಂಟು. ಅದಿಲ್ಲದಿದ್ದರೆ ವೇಗ ತುಸು ಜಾಸ್ತಿ ಇಟ್ಟು, ಉದ್ದದ ರನ್‌ವೇಯಲ್ಲಿ ಇಳಿಯಬೇಕು. ರೇಡಿಯೋ ಪೂರ್ತಿ ಸತ್ತರೆ ಟವರಿನಿಂದ ಬೆಳಕಿನ ಸನ್ನೆ ಬರುತ್ತದೆ. ಮಿನುಗದೆ ನಿಂತ ಹಸಿರು ಕಂಡರೆ ಇಳಿಯಲು ಅಪ್ಪಣೆ ಸಿಕ್ಕಿತು ಅಂತ ಅರ್ಥ.

ಹಾಗಂತ ಕರೆಂಟು ಹೋದರೂ ಓಡುತ್ತದೆ ಅನ್ನುವ ಮಾತು ಎಲ್ಲ ವಿಮಾನಕ್ಕೂ ಹೊಂದುವುದಿಲ್ಲ. 2007ರಲ್ಲಿ ಜರ್ಮನಿಯ ಸ್ಪೈಯರ್‌ನಲ್ಲಿ ಎರಡು ಡೀಸೆಲ್ ಎಂಜಿನ್ನಿನ ಡೈಮಂಡ್ ಡಿಎ42 ವಿಮಾನ ಹೊರಟು ನಿಂತಿತ್ತು. ಬ್ಯಾಟರಿ ಖಾಲಿ. ಹೊರಗಿನಿಂದ ಕರೆಂಟು ಕೊಟ್ಟು ಸ್ಟಾರ್ಟ್ ಮಾಡಿ ಹಾರಿಸಿದರು. ಮೇಲೆದ್ದು ಚಕ್ರ ಒಳಗೆಳೆದುಕೊಳ್ಳುವಾಗ ವೋಲ್ಟೇಜ್ ಕುಸಿಯಿತು. ಎಂಜಿನ್ನುಗಳನ್ನು ನಡೆಸುತ್ತಿದ್ದದ್ದು ಕರೆಂಟಿನಿಂದ ಓಡುವ ಕಂಪ್ಯೂಟರ್. ಎರಡೂ ಒಟ್ಟಿಗೇ ನಿಂತುಹೋದವು.