ಟಿಕೆಟ್ ಕೊನೆಗೆ, ಚಿಪ್ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಪಶುವೈದ್ಯೆ. ಮನೆಯ ನಾಯಿಯನ್ನೋ ಬೆಕ್ಕನ್ನೋ ವಿಮಾನದಲ್ಲಿ ಪರದೇಶಕ್ಕೆ ಕರೆದುಕೊಂಡು ಹೋಗುವವರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಬಾಗಿಲು ದಾಟಿದ ಕೂಡಲೇ ಅವರ ಮೊದಲ ಮಾತು ಹೀಗಿರುತ್ತದೆ: "ಡಾಕ್ಟ್ರೇ, ಟಿಕೆಟ್ ಆಗಿದೆ. ಮುಂದಿನ ವಾರ ಹೊರಡಬೇಕು. ಒಂದು ಸರ್ಟಿಫಿಕೇಟ್ ಬರೆದುಕೊಡಿ."

ಈ ಮಾತು ಕೇಳಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಯಾಕೆಂದರೆ ಟಿಕೆಟ್ ಈ ಕೆಲಸದಲ್ಲಿ ಎಲ್ಲಕ್ಕಿಂತ ಕೊನೆಗೆ ಬರಬೇಕಾದದ್ದು. ಮೊದಲು ಬರಬೇಕಾದದ್ದು ಚಿಪ್. ಇವತ್ತು ನಿಮಗೆ ಹೇಳಬೇಕು ಅಂತ ಬಂದಿರುವುದು ಇದೊಂದೇ ಮಾತು. ಟಿಕೆಟ್ ಕೊನೆಗೆ, ಚಿಪ್ ಮೊದಲು.

ಚಿಪ್ ಅಂದರೆ ಹೆದರಬೇಡಿ. ಅಕ್ಕಿಕಾಳಿಗಿಂತ ಚೂರು ದೊಡ್ಡದು. ಗಾಜಿನ ಪುಟ್ಟ ಕೊಳವೆ. ಕತ್ತಿನ ಹತ್ತಿರ ಚರ್ಮದ ಕೆಳಗೆ ಸೂಜಿಯಲ್ಲಿ ಇಳಿಸುತ್ತೇವೆ, ಒಂದು ಕ್ಷಣದ ಕೆಲಸ. ಅದರಲ್ಲಿ ಬ್ಯಾಟರಿ ಇಲ್ಲ. ನಿಮ್ಮ ನಾಯಿ ಎಲ್ಲಿದೆ ಅಂತ ಅದು ಹುಡುಕಿಕೊಡುವುದೂ ಇಲ್ಲ. ಅದರೊಳಗೆ ಇರುವುದು 15 ಅಂಕಿಯ ಒಂದು ನಂಬರ್, ಅಷ್ಟೇ. ಮೇಲೆ ಸ್ಕ್ಯಾನರ್ ಹಿಡಿದರೆ ಕುಯ್ ಅಂತ ಸದ್ದು ಬಂದು ಆ ನಂಬರ್ ಕಾಣಿಸುತ್ತದೆ. ಐಎಸ್ಓ 11784 ಮತ್ತು 11785 ಅನ್ನುವ ಮಾನದಂಡದ ಚಿಪ್ಪೇ ಬೇಕು ಅಂತ ಕೇಳಿ ಹಾಕಿಸಿ. ಬೇರೆ ನಮೂನೆಯದಾದರೆ ಅಲ್ಲಿನ ಸ್ಕ್ಯಾನರ್ ಓದದೇ ಹೋಗಬಹುದು.

ಆ ನಂಬರ್ ಬಂದ ಮೇಲೆಯೇ ನಿಮ್ಮ ನಾಯಿಗೆ ಕಾಗದದ ಮೇಲೆ ಜನ್ಮ. ಅದಕ್ಕೂ ಮುಂಚೆ ಕೊಟ್ಟ ರೇಬೀಸ್ ಲಸಿಕೆ ನಿಮಗೆ ಲೆಕ್ಕ, ನನಗೆ ಲೆಕ್ಕ, ನಾಯಿಯ ಮೈಗೂ ಲೆಕ್ಕ. ಗಡಿಯಲ್ಲಿ ಕೂತ ಅಧಿಕಾರಿಗೆ ಮಾತ್ರ ಲೆಕ್ಕವಿಲ್ಲ. ಅವರು ಕೇಳುವುದು ಒಂದೇ ಪ್ರಶ್ನೆ: ಆ ಚುಚ್ಚುಮದ್ದು ಇದೇ ನಾಯಿಗೆ ಬಿತ್ತು ಅನ್ನುವುದಕ್ಕೆ ಏನು ಸಾಕ್ಷಿ? ಕಪ್ಪು ಬಣ್ಣ, ಬಿಳಿ ಪಾದ ಅಂತ ಪುಸ್ತಕದಲ್ಲಿ ಬರೆದರೆ ಸಾಕಾ? ಕಪ್ಪು ಬಣ್ಣ, ಬಿಳಿ ಪಾದದ ನಾಯಿ ಲೋಕದಲ್ಲಿ ಎಷ್ಟಿಲ್ಲ!

ಚುಕ್ಕಿ ಅಂತ ಒಂದು ನಾಯಿ ಇತ್ತು. ಅದರ ಕಥೆ ಹೇಳಲೇಬೇಕು.

ಚುಕ್ಕಿಗೆ ಆಗ ಹತ್ತು ವರ್ಷ. ಯಾವ ತಳಿಯೂ ಅಲ್ಲ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿರುತ್ತಿತ್ತು. ಅಪ್ಪ, ಅಮ್ಮ, ಎಂಟು ವರ್ಷದ ಮಗಳು, ಮೂವರೂ ಅದನ್ನು ಕರೆದುಕೊಂಡು ಬಂದರು. ಯುರೋಪಿಯನ್ ಒಕ್ಕೂಟದ ಒಂದು ದೇಶಕ್ಕೆ ಹೊರಟಿದ್ದರು. ಹೊರಡಲು ಇನ್ನು 17 ದಿನ. ಎಲ್ಲಾ ಆಗಿದೆ, ಪರೀಕ್ಷೆ ಮಾಡಿ ಸಹಿ ಹಾಕಿದರೆ ಸಾಕು ಅಂದರು. ಮಗಳು ನೆಲದ ಮೇಲೆ ಕೂತು ನಾಯಿಯ ಮಡಚಿದ ಕಿವಿಯನ್ನು ಬಿಡಿಸುತ್ತಿದ್ದಳು. ಬಿಟ್ಟ ಕೂಡಲೇ ಅದು ಮತ್ತೆ ಮಡಚಿಕೊಳ್ಳುತ್ತಿತ್ತು.

ನಾನು ಲಸಿಕೆಯ ಪುಸ್ತಕ ತೆರೆದೆ. ರೇಬೀಸ್ ಲಸಿಕೆ ಹಾಕಿದ್ದು 3ನೇ ತಾರೀಖು. ಪಕ್ಕದ ಪುಟದಲ್ಲಿ ಚಿಪ್ಪಿನ ಸ್ಟಿಕ್ಕರ್. ಅದರ ಕೆಳಗೆ ಬರೆದ ತಾರೀಖು 5.

ಎರಡೇ ದಿನ. ಬೇರೆ ಕಡೆ ಲಸಿಕೆ ಹಾಕಿಸಿದ್ದರು. ಚಿಪ್ ಆ ದಿನ ಇರಲಿಲ್ಲವಂತೆ, ನಾಡಿದ್ದು ಬನ್ನಿ ಅಂದಿದ್ದರಂತೆ. ಇವರು ಹೋಗಿ ಹಾಕಿಸಿಕೊಂಡು ಬಂದಿದ್ದರು. ಪಾಪ, ಹೇಳಿದ್ದನ್ನೆಲ್ಲ ಮಾಡಿದ್ದಾರೆ. ಆದರೆ ಸಾಲು ಹಿಂದುಮುಂದಾಗಿದೆ.

"ಎರಡು ದಿನದಲ್ಲಿ ಏನಾಗುತ್ತೆ ಡಾಕ್ಟ್ರೇ? ಅವರು ನೋಡ್ತಾರಾ?" ಅಂತ ಅಪ್ಪ ಕೇಳಿದರು. ನೋಡುತ್ತಾರೆ. ಅವರು ನೋಡುವುದೇ ಅದನ್ನು.

ಆವತ್ತೇ ಚಿಪ್ ಓದಿ, ನಂಬರ್ ಬರೆದುಕೊಂಡು, ಲಸಿಕೆಯನ್ನು ಮತ್ತೆ ಹಾಕಿದೆ. ಅಲ್ಲಿಂದ ದಿನದ ಎಣಿಕೆ ಹೊಸದಾಗಿ ಶುರು. ಇಲ್ಲಿಂದ ಅಲ್ಲಿಗೆ ಹೋಗಲು ರಕ್ತ ಪರೀಕ್ಷೆಯೂ ಬೇಕಿತ್ತು. ಲಸಿಕೆ ಹಾಕಿದ ಮೇಲೆ 30 ದಿನ ಕಾದು ರಕ್ತ ತೆಗೆಯಬೇಕು. ಅದನ್ನು ಒಪ್ಪಿಗೆ ಇರುವ ಪ್ರಯೋಗಾಲಯಕ್ಕೇ ಕಳಿಸಬೇಕು. ರೇಬೀಸ್ ತಡೆಯುವ ಶಕ್ತಿ, ಐಯು ಅನ್ನುವ ಅಳತೆಯಲ್ಲಿ, ರಕ್ತದ ಮಿಲಿಲೀಟರಿಗೆ 0.5 ಆದರೂ ಇರಬೇಕು. ಅಷ್ಟು ಇದ್ದರೂ, ರಕ್ತ ತೆಗೆದ ದಿನದಿಂದ 3 ತಿಂಗಳು ಸುಮ್ನೆ ಕಾಯಬೇಕು. ಒಟ್ಟು ನಾಲ್ಕು ತಿಂಗಳು. ಅವರ ಕೈಯಲ್ಲಿದ್ದದ್ದು 17 ದಿನ.

ಆ ಮಗು ನನ್ನ ಮುಖ ನೋಡಿತು. ಏನೂ ಕೇಳಲಿಲ್ಲ. ನಾಯಿಯ ಕಿವಿಯಿಂದ ಕೈ ತೆಗೆದಿತ್ತು.

ಚುಕ್ಕಿ ಅಜ್ಜಿಯ ಮನೆಗೆ ಹೋಯಿತು. ಉಳಿದವರು ವಿಮಾನ ಹತ್ತಿದರು. ಅಜ್ಜಿ ಒಂದು ದಿನ ನನಗೆ ಫೋನ್ ಮಾಡಿ, "ಹೆಂಗೂ ನಾಲ್ಕು ತಿಂಗಳಿದೆ, ನಾನೇನು ಮಾಡಲಿ?" ಅಂತ ಕೇಳಿದರು. ವಿಮಾನದಲ್ಲಿ ನಾಯಿಯನ್ನು ಕೂರಿಸಿ ಕಳಿಸುವ ಬೋನು ತರಿಸಿ, ಬಾಗಿಲು ಕಳಚಿ, ಮನೆ ನಡುವೆ ಇಡಿ ಅಂದೆ. ಅವರು ಹಾಗೇ ಮಾಡಿದರು. ಒಳಗೆ ಮೊಮ್ಮಗಳ ಹಳೆ ಹೊದಿಕೆ ಹಾಸಿದರು, ಒಗೆಯದೇ. ಬಿಸ್ಕತ್ತಿನ ಚೂರನ್ನು ಮೊದಲು ಬಾಗಿಲ ಹತ್ತಿರ ಇಟ್ಟರು, ಆಮೇಲೆ ಒಂದು ಗೇಣು ಒಳಗೆ, ಆಮೇಲೆ ಮೂಲೆಯಲ್ಲಿ. ಚುಕ್ಕಿ ಮೊದಲ ವಾರವೆಲ್ಲ ಮುಂದಿನ ಎರಡು ಕಾಲು ಮಾತ್ರ ಒಳಗಿಟ್ಟು, ಹಿಂದಿನ ಕಾಲು ಹೊರಗೇ ಊರಿ, ಕತ್ತು ಚಾಚಿ ಬಿಸ್ಕತ್ತು ಎತ್ತಿಕೊಂಡು ಹೊರಗೆ ಓಡುತ್ತಿತ್ತಂತೆ. ಅಜ್ಜಿ ತಳ್ಳಲಿಲ್ಲ, ಗದರಲಿಲ್ಲ. ಒಂದು ರಾತ್ರಿ ಜೋರು ಗುಡುಗು. ಬೆಳಗ್ಗೆ ಎದ್ದು ನೋಡಿದರೆ ನಾಯಿ ಮಂಚದ ಕೆಳಗಿಲ್ಲ. ಬೋನಿನೊಳಗೆ ಸುರುಳಿ ಸುತ್ತಿ ಮಲಗಿದೆ!

ಅಲ್ಲಿಂದ ಮುಂದೆ ಸಲೀಸು. ಬಾಗಿಲು ಸೇರಿಸಿದರು. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಮುಚ್ಚಿದರು, ತೆಗೆದರು. ಆಮೇಲೆ ಒಂದು ಗಂಟೆ. ಆಮೇಲೆ ಕಾರಿನಲ್ಲಿಟ್ಟು ಒಂದು ಸುತ್ತು.

ನಾಲ್ಕು ತಿಂಗಳು ಕಳೆದ ಮೇಲೆ ಅಪ್ಪ ಅದಕ್ಕಾಗಿಯೇ ವಾಪಸ್ ಬಂದರು. ಸಾಕುಪ್ರಾಣಿ ಅಂತ ಒಕ್ಕೂಟದೊಳಗೆ ಕರೆದೊಯ್ಯಬೇಕಾದರೆ, ಅದು ಹೋಗುವ ದಿನಕ್ಕೂ ಮನೆಯವರು ಹೋಗುವ ದಿನಕ್ಕೂ 5 ದಿನಕ್ಕಿಂತ ಜಾಸ್ತಿ ಅಂತರ ಇರಕೂಡದು. ಆ ದಿನ ವಿಮಾನ ನಿಲ್ದಾಣಕ್ಕೆ ನಾನೂ ಹೋಗಿದ್ದೆ, ಮನಸ್ಸು ತಡೆಯಲಿಲ್ಲ. ಸುತ್ತ ಜನ, ಗಾಡಿ, ಮೈಕಿನ ಸದ್ದು. ಬೋನಿನ ಬಾಗಿಲು ತೆಗೆದರು. ಚುಕ್ಕಿ ತಾನಾಗಿ ಒಳಗೆ ಹೋಯಿತು. ಒಂದು ಸುತ್ತು ತಿರುಗಿ, ಹೊದಿಕೆ ಕೆರೆದು, ಮೂಗು ಬಾಗಿಲಿನ ಕಡೆ ಇಟ್ಟು ಮಲಗಿತು. ಪಕ್ಕದಲ್ಲಿ ಇನ್ನೊಂದು ನಾಯಿ ಅಂದೇ ಮೊದಲ ಸಲ ಬೋನು ನೋಡಿತ್ತು. ಅದರ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ.

ನಾಲ್ಕು ತಿಂಗಳು ಬೇಕಾ ಇದಕ್ಕೆಲ್ಲ ಅಂತ ಸಿಟ್ಟು ಮಾಡಿಕೊಳ್ಳುವವರಿಗೆ ಒಂದು ವಿಷಯ ಹೇಳುತ್ತೇನೆ. 2000ನೇ ಇಸವಿಗೆ ಮುಂಚೆ ಬ್ರಿಟನ್ನಿಗೆ ಹೊರಗಿನಿಂದ ನಾಯಿ ಬಂತು ಅಂದರೆ 6 ತಿಂಗಳು ಕ್ವಾರಂಟೈನ್. ಮನೆಯವರಿಂದ ದೂರ, ಕಂಬಿಯ ಹಿಂದೆ. ಆ ಆರು ತಿಂಗಳ ಸೆರೆಯನ್ನು ತಪ್ಪಿಸಿದ್ದು ಇದೇ ಚಿಪ್, ಇದೇ ಲಸಿಕೆ, ಇದೇ ರಕ್ತ ಪರೀಕ್ಷೆ. ನಾಯಿ ಕಂಬಿಯ ಹಿಂದೆ ಕಾಯುವ ಬದಲು ನಿಮ್ಮ ಮಂಚದ ಪಕ್ಕ ಕಾಯುತ್ತದೆ. ರೇಬೀಸ್ ಬಂದ ಮೇಲೆ ಔಷಧಿ ಇಲ್ಲ, ಮನುಷ್ಯರಿಗೂ ಇಲ್ಲ, ಪ್ರಾಣಿಗಳಿಗೂ ಇಲ್ಲ. ಆ ಅಧಿಕಾರಿ ತಾರೀಖು ನೋಡುವುದು ನಿಮ್ಮನ್ನು ಕಾಡಿಸಲಿಕ್ಕೆ ಅಲ್ಲ.

ಚುಕ್ಕಿಯ ವಿಷಯದಲ್ಲೇ ಅರ್ಧಕ್ಕಿಂತ ಜಾಸ್ತಿ ಸಮಯ ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ. ಪೆನ್ನು, ಕಾಗದ ಹತ್ತಿರ ಇಟ್ಟುಕೊಳ್ಳಿ.

ಎಲ್ಲಾ ದೇಶಕ್ಕೂ ಒಂದೇ ಲೆಕ್ಕ ಇಲ್ಲ. ಯುರೋಪಿಯನ್ ಒಕ್ಕೂಟಕ್ಕೆ ರಕ್ತ ಪರೀಕ್ಷೆ ಬೇಡದ ದೇಶಗಳಿಂದ ಹೋಗುವುದಾದರೆ, ಮೊದಲ ಲಸಿಕೆಯ ಮೇಲೆ 21 ದಿನ ಸಾಕು. ಜಪಾನಿಗೆ ಬಹುತೇಕ ದೇಶಗಳಿಂದ ಹೋಗುವಾಗ ಚಿಪ್ಪಿನ ಮೇಲೆ ಎರಡು ಲಸಿಕೆ, ರಕ್ತ ಪರೀಕ್ಷೆ, ರಕ್ತ ತೆಗೆದ ದಿನದಿಂದ 180 ದಿನ. ಬರುತ್ತೇವೆ ಅಂತ ಅವರಿಗೆ 40 ದಿನ ಮುಂಚೆಯೇ ತಿಳಿಸಬೇಕು. ಆಸ್ಟ್ರೇಲಿಯಾಕ್ಕೂ ರೇಬೀಸ್ ಇರುವ ಕಡೆಯಿಂದ ಹೋದರೆ ಆರು ತಿಂಗಳ ಕಾಯುವಿಕೆ. ಅದರ ಮೇಲೆ ಮೆಲ್ಬರ್ನ್ ಹತ್ತಿರದ ಮಿಕಲ್‌ಹ್ಯಾಮ್ ಕೇಂದ್ರದಲ್ಲಿ ಕಡಿಮೆ ಅಂದರೂ 10 ದಿನ ಇರಬೇಕು. ಅಮೆರಿಕಕ್ಕೆ 2024ರ ಆಗಸ್ಟ್‌ನಿಂದ 6 ತಿಂಗಳು ತುಂಬದ ನಾಯಿಮರಿಗೆ ಪ್ರವೇಶ ಇಲ್ಲ, ಚಿಪ್ ಅಲ್ಲೂ ಕಡ್ಡಾಯ. ಬ್ರಿಟನ್ನಿಗೆ ನಾಯಿ ಮುಟ್ಟುವ ಮುಂಚೆ 24ರಿಂದ 120 ಗಂಟೆಯ ಒಳಗೆ ಲಾಡಿಹುಳದ ಔಷಧಿ ಕೊಡಿಸಿ ಬರೆಸಿರಬೇಕು. ದಾರಿಯಲ್ಲಿ ವಿಮಾನ ಬದಲಿಸುವ ದೇಶದ ನಿಯಮವನ್ನೂ ವಿಚಾರಿಸಿ, ಬಹಳ ಜನ ಇದನ್ನು ಮರೆಯುತ್ತಾರೆ. ದೇಶ ಯಾವುದೇ ಇರಲಿ, ಚಿಪ್ ಮೊದಲು ಹಾಕಿಸಿದವರಿಗೆ ಚುಕ್ಕಿಗೆ ಆದಂಥ ತೊಡಕು ಇಲ್ಲ.

ಇನ್ನು ಬೂಸ್ಟರ್. ಲಸಿಕೆಯ ಅವಧಿ ಮುಗಿದ ಮೇಲೆ ಒಂದೇ ದಿನ ತಡವಾದರೂ ಅದು ಹೊಸ ಲಸಿಕೆ ಆಗಿಬಿಡುತ್ತದೆ. ಎಣಿಕೆ ಮತ್ತೆ ಮೊದಲಿನಿಂದ. ಆ ತಾರೀಖನ್ನು ಗೋಡೆಯ ಮೇಲೆ ಬರೆದಿಡಿ.

ಬೋನಿನ ಅಳತೆ ಹೇಳುತ್ತೇನೆ. ಅಳೆಯುವಾಗ ನಾಯಿ ನಿಂತಿರಬೇಕು. ಮೂಗಿನಿಂದ ಬಾಲದ ಬುಡದವರೆಗೆ ಎಷ್ಟೋ ಅಷ್ಟು, ಅದಕ್ಕೆ ಮುಂಗಾಲಿನ ಮೊಣಕೈ ನೆಲದಿಂದ ಎಷ್ಟು ಎತ್ತರ ಇದೆಯೋ ಅದರ ಅರ್ಧ ಸೇರಿಸಿ. ಅದು ಬೋನಿನ ಉದ್ದ. ಭುಜದ ಅಗಲದ ಎರಡರಷ್ಟು ಬೋನಿನ ಅಗಲ. ಎತ್ತರ ನೆತ್ತಿಯವರೆಗೋ ಕಿವಿಯ ತುದಿಯವರೆಗೋ, ಯಾವುದು ಜಾಸ್ತಿಯೋ ಅದು, ಜೊತೆಗೆ ಹಾಸಿಗೆಯ ದಪ್ಪ. ಒಳಗೆ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಉಗುರು ಕತ್ತರಿಸಿ ಕಳಿಸಿ, ಇಲ್ಲದಿದ್ದರೆ ಕಂಬಿಗೆ ಸಿಕ್ಕಿಕೊಳ್ಳುತ್ತದೆ.

ನಿದ್ದೆ ಮಾತ್ರೆ ಕೇಳಬೇಡಿ. ದಯವಿಟ್ಟು ಕೇಳಬೇಡಿ. ಅದು ರಕ್ತದ ಒತ್ತಡ ಇಳಿಸುತ್ತದೆ, ಉಸಿರು ನಿಧಾನ ಮಾಡುತ್ತದೆ, ಮೈಯ ಬಿಸಿ ಕಾಪಾಡುವ ಶಕ್ತಿ ಕುಂದಿಸುತ್ತದೆ. ವಿಮಾನದ ಕೆಳಗಿನ ಸಾಮಾನಿನ ಕೋಣೆಯಲ್ಲಿ ನೋಡಿಕೊಳ್ಳಲು ಯಾರೂ ಇರುವುದಿಲ್ಲ. ಕೆಳಗೆ ಗಾಳಿ ಇರುತ್ತಾ ಅಂತ ಕೇಳುತ್ತೀರಿ. ಇರುತ್ತದೆ, ಗಾಳಿಯ ಒತ್ತಡ ಮೇಲೆ ನೀವು ಕೂತಲ್ಲಿ ಇರುವಷ್ಟೇ. ನಾಯಿಗೆ ಹೆದರಿಕೆ ತಪ್ಪಿಸುವುದು ಮಾತ್ರೆಯಲ್ಲ, ಅಜ್ಜಿ ಮಾಡಿದ ಕೆಲಸ. ಅದಕ್ಕೂ ಬೇಕಾದದ್ದು ಸಮಯ. ಮತ್ತೆ ಅದೇ ಮಾತಿಗೆ ಬಂದೆ ಅಲ್ವಾ? ಟಿಕೆಟ್ ಕೊನೆಗೆ.

ಪಗ್, ಬುಲ್‌ಡಾಗ್, ಪರ್ಶಿಯನ್ ಬೆಕ್ಕು, ಹೀಗೆ ಮೂತಿ ಚಪ್ಪಟೆ ಇರುವವನ್ನು ಎಷ್ಟೋ ವಿಮಾನ ಕಂಪನಿಗಳು ಸಾಮಾನಿನ ಕೋಣೆಗೆ ಸೇರಿಸುವುದೇ ಇಲ್ಲ. ನಾಯಿ ಮೈ ತಂಪು ಮಾಡಿಕೊಳ್ಳುವುದು ಏದುಸಿರಿನಿಂದ. ಇವಕ್ಕೆ ಉಸಿರಿನ ದಾರಿಯೇ ಇಕ್ಕಟ್ಟು.

ಬೆಕ್ಕಿನವರಿಗೆ ಒಂದೇ ಮಾತು. ಬೆಕ್ಕನ್ನು ಜೊತೆಗೇ ಚೀಲದಲ್ಲಿ ಒಯ್ಯುವುದಾದರೆ, ತಪಾಸಣೆಯಲ್ಲಿ ಚೀಲ ಯಂತ್ರದೊಳಗೆ ಹೋಗುತ್ತದೆ, ಬೆಕ್ಕನ್ನು ನೀವು ಎತ್ತಿಕೊಂಡು ದಾಟಬೇಕು. ಆ ಗದ್ದಲದಲ್ಲಿ ಕೈಯಿಂದ ನುಣುಚಿಕೊಂಡರೆ ಮತ್ತೆ ಸಿಗುವುದು ಕಷ್ಟ. ಎದೆಗೆ ಕಟ್ಟುವ ಪಟ್ಟಿ ಹಾಕಿ, ಅದಕ್ಕೆ ಹಗ್ಗ ಕಟ್ಟಿ. ಮನೆಯಲ್ಲೇ ಹದಿನೈದು ದಿನ ಮುಂಚೆ ರೂಢಿ ಮಾಡಿಸಿ. ತಪಾಸಣೆಗೆ ಮುಚ್ಚಿದ ಕೋಣೆ ಕೊಡಿ ಅಂತಲೂ ಕೇಳಿ ನೋಡಿ, ಸಂಕೋಚ ಬೇಡ.

ಹೊರಡುವ ದಿನ ಹೊಟ್ಟೆ ತುಂಬ ಉಣಿಸಬೇಡಿ, ನೀರು ಮಾತ್ರ ತಪ್ಪಿಸಬೇಡಿ. ಅಲ್ಲಿ ಮುಟ್ಟಿದ ಮೇಲೆ ನಾಯಿ ಒಂದು ದಿನ ಉಣ್ಣದೇ ಇರಬಹುದು, ಬೆಕ್ಕು ಮಂಚದ ಕೆಳಗಿನಿಂದ ಬಾರದೇ ಇರಬಹುದು. ಎಳೆಯಬೇಡಿ. ಹಳೆಯ ಹೊದಿಕೆ ಹತ್ತಿರ ಇಟ್ಟು ದೂರ ಕೂತುಕೊಳ್ಳಿ.

ಅಷ್ಟರಲ್ಲಿ ನೀವು ಮಾಡಬೇಕಾದ ಒಂದು ಕೆಲಸ ಇದೆ. ಚಿಪ್ಪಿನ ನಂಬರ್ ನೋಂದಾಯಿಸಿದ ಕಡೆ ನಿಮ್ಮ ಹಳೆ ಫೋನ್ ನಂಬರ್ ಇರುತ್ತದೆ. ಹೊಸ ಊರಿನಲ್ಲಿ ನಾಯಿ ಬಾಗಿಲು ದಾಟಿ ಓಡಿದರೆ, ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿಸಿ ಫೋನ್ ಮಾಡುವುದು ಆ ನಂಬರಿಗೇ. ಮುಟ್ಟಿದ ದಿನವೇ ಹೊಸ ನಂಬರ್ ಸೇರಿಸಿ.

ನಮಸ್ಕಾರ.