ಮಹಡಿಗೊಂದು ಬೇರೆ ಡಿಬಿ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಈಗ ಎಲ್ಲಿ ನೋಡಿದರೂ ಮನೆ ಮೇಲೆ ಮನೆ ಏಳುತ್ತಿದೆ. ಮಗನ ಮದುವೆಗೆ, ಇಲ್ಲಾ ಬಾಡಿಗೆಗೆ. ಟೈಲ್ಸ್ ಆರಿಸಲು ನಾಲ್ಕು ಅಂಗಡಿ ಸುತ್ತುತ್ತೀರಿ. ಮೇಲಕ್ಕೆ ಕರೆಂಟ್ ಎಲ್ಲಿಂದ ಹೋಗುತ್ತದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಮಹಡಿಗೂ ಬೇರೆ ಡಿಬಿ, ಅಂದರೆ ಕರೆಂಟ್ ಹಂಚುವ ಸ್ವಿಚ್ ಪೆಟ್ಟಿಗೆ, ಬೇಕು ಅಂತ ಹೇಳಲು ನಾನು ಬಂದೆ.

ನಮ್ಮಕ್ಕನ ಮನೆ ವಿಷಯ ಹೇಳುತ್ತೇನೆ. ಕೆಲವರು ಆಗಲೇ ಕೇಳಿದ್ದೀರಿ, ಇನ್ನೊಮ್ಮೆ ಕೇಳಿ. ಮಹಡಿ ಕಟ್ಟಿಸುವಾಗ ನಾನು ಊರಲ್ಲಿರಲಿಲ್ಲ. ವೈರಿಂಗ್ ಮಾಡಿದವರು ಕೆಳಗಿನ ಗೀಸರ್ ಪಾಯಿಂಟಿನಿಂದಲೇ ಲೂಪ್ ಎಳೆದು ಮೇಲಿನ ಮನೆಗೆ ಕೊಟ್ಟಿದ್ದರು. ಅದು 2.5 ಚದರ ಮಿಲಿಮೀಟರ್ ವೈರು, 16 ಆಂಪ್ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು. ಕೆಳಗೆ ಗೀಸರ್ ಹಾಕಿದರೆ 9 ಆಂಪ್. ಮೇಲೆ ಸೊಸೆ ಇಂಡಕ್ಷನ್ ಒಲೆ ಹಚ್ಚಿದರೆ ಇನ್ನೊಂದು 9. ಅದರ ಮೇಲೆ ಎಸಿ ಬಂದರೆ 7. ದಿನಾ ಎಂಸಿಬಿ ಬೀಳುತ್ತಿತ್ತು. ಯಾರೋ ಒಬ್ಬರು ಬಂದು ಅದನ್ನು ಕಿತ್ತು 32 ಆಂಪ್‌ದು ಹಾಕಿದರು. ಆಮೇಲೆ ಬೀಳಲೇ ಇಲ್ಲ. ಎಲ್ಲರಿಗೂ ಖುಷಿ.

ಒಂದು ರಾತ್ರಿ ಅಕ್ಕ ಫೋನ್ ಮಾಡಿದಳು. "ಏನೋ ಸುಟ್ಟ ವಾಸನೆ ಬರ್ತಿದೆ ಕಣೋ, ಒಲೆ ಆಫ್ ಮಾಡಿದೀನಿ." ಮೇನ್ ಆಫ್ ಮಾಡಿ ಮಲಗು ಅಂದೆ. ಬೆಳಗ್ಗೆ ಹೋಗಿ ಜಂಕ್ಷನ್ ಬಾಕ್ಸ್ ಬಿಚ್ಚಿದೆ. ಸುತ್ತಿದ ಟೇಪ್ ಕರಗಿ ಅಂಟಾಗಿತ್ತು. ವೈರಿನ ಸಿಪ್ಪೆ ಹುರಿದ ಕಡಲೆಕಾಯಿ ಸಿಪ್ಪೆಯ ಹಾಗೆ ಬೆರಳಿಗೆ ಉದುರಿತು. ಇಗೋ, ಅದೇ ತುಂಡು. ಕೈಯಿಂದ ಕೈಗೆ ದಾಟಿಸಿ, ಎಲ್ಲರೂ ನೋಡಿ.

ಎಂಸಿಬಿ ಇರುವುದು ವೈರನ್ನು ಕಾಯಲು. ವೈರು ತಡೆಯುವುದು ಎಷ್ಟೋ, ಎಂಸಿಬಿ ಅದಕ್ಕಿಂತ ಮೊದಲೇ ಬೀಳಬೇಕು. ಗೀಸರ್, ಒಲೆ, ಎಸಿ ಮೂರೂ ಸೇರಿ 25 ಆಂಪ್ ಹರಿದರೆ 32ರ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ವೈರು ಮಾತ್ರ ಒಳಗೊಳಗೇ ಬೇಯುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಕೆಳಗಿನ ಮೇನ್ ಡಿಬಿಯಲ್ಲಿ ಮಹಡಿಗೆಂದೇ 40 ಆಂಪ್ ಡಬಲ್ ಪೋಲ್ ಎಂಸಿಬಿ, ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದು. ಅಲ್ಲಿಂದ ಬೇರೆ ಪೈಪಿನಲ್ಲಿ 10 ಚದರ ಮಿಲಿಮೀಟರ್ ತಾಮ್ರದ ವೈರು: ಕರೆಂಟ್ ತರುವ ಫೇಸ್, ವಾಪಸ್ ಒಯ್ಯುವ ನ್ಯೂಟ್ರಲ್, ಜೊತೆಗೆ ಹಸಿರು ಅರ್ತ್ ವೈರು. ಮೇಲೆ ಇನ್ನೊಂದು ಡಿಬಿ. ಅದರಲ್ಲಿ ಮೇಲಿನದ್ದೆಲ್ಲ ಒಟ್ಟಿಗೆ ಆಫ್ ಮಾಡುವ ಒಂದು ಐಸೊಲೇಟರ್ ಸ್ವಿಚ್ಚು, ಒಂದು ಆರ್‌ಸಿಸಿಬಿ, ಆಮೇಲೆ ಲೈಟಿಗೆ, ಪ್ಲಗ್ಗಿಗೆ, ಗೀಸರಿಗೆ, ಎಸಿಗೆ ಬೇರೆ ಬೇರೆ ಎಂಸಿಬಿ. ಮೇಲೆ ರಿಪೇರಿ ಇದ್ದರೆ ಮೇಲಷ್ಟೇ ಆಫ್ ಮಾಡಿ. ಕೆಳಗೆ ಅಜ್ಜಿಯ ಸೀರಿಯಲ್ ನಿಲ್ಲುವುದಿಲ್ಲ!

ಆರ್‌ಸಿಸಿಬಿ ಯಾಕೆ ಅಂತೀರಾ? ಎಂಸಿಬಿ ವೈರನ್ನು ಕಾಯುತ್ತದೆ, ನಿಮ್ಮನ್ನಲ್ಲ. ಒದ್ದೆ ಕೈಯಲ್ಲಿ ಶಾಕ್ ಹೊಡೆದರೆ ಮೈಯಲ್ಲಿ ಹರಿಯುವ ಕರೆಂಟ್ ಜೀವ ತೆಗೆಯಲು ಸಾಕು, ಎಂಸಿಬಿಗೆ ಗೊತ್ತಾಗಲೂ ಸಾಲದು. ಆರ್‌ಸಿಸಿಬಿ ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ತೂಗಿ ನೋಡುತ್ತದೆ. ವ್ಯತ್ಯಾಸ 30 ಮಿಲಿಆಂಪ್ ಮುಟ್ಟುವಷ್ಟರಲ್ಲಿ ಕಡಿದುಬಿಡುತ್ತದೆ.

ಇಲ್ಲೇ ಒಂದು ಎಡವಟ್ಟು ಆಗುತ್ತದೆ. ಮೆಟ್ಟಿಲ ಲೈಟಿಗೆ ಫೇಸ್ ಮೇಲಿನ ಡಿಬಿಯಿಂದ, ನ್ಯೂಟ್ರಲ್ ಕೆಳಗಿನದರಿಂದ ತಗೊಂಡರೆ ಲೆಕ್ಕ ತಪ್ಪುತ್ತದೆ, ಲೈಟ್ ಹಾಕಿದಾಗಲೆಲ್ಲ ಆರ್‌ಸಿಸಿಬಿ ಬೀಳುತ್ತದೆ. "ಸುಮ್ನೆ ಕಾಟ" ಅಂತ ಅದನ್ನೇ ಬೈಪಾಸ್ ಮಾಡಿಸುತ್ತೀರಿ. ಬೇಡ, ದಯವಿಟ್ಟು ಬೇಡ. ತಪ್ಪು ನ್ಯೂಟ್ರಲ್‌ದು. ಮೇಲಿನ ನ್ಯೂಟ್ರಲ್ ವೈರು ಮೇಲಿನ ಡಿಬಿಯ ನ್ಯೂಟ್ರಲ್ ಪಟ್ಟಿಗೇ ಬರಲಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷವಂತೆ. ಅರ್ತ್ ಬಗ್ಗೆ ಜಾಸ್ತಿ ಹೇಳಬೇಕಿತ್ತು. ಮೇಲಿನ ಡಿಬಿಯಲ್ಲಿ ನ್ಯೂಟ್ರಲ್ಲನ್ನೂ ಅರ್ತನ್ನೂ ಸೇರಿಸಬೇಡಿ, ಅಷ್ಟು ನೆನಪಿಡಿ. ಎಸಿ, ಇಂಡಕ್ಷನ್ ಎಲ್ಲ ಸೇರಿದರೆ ಮಂಜೂರಾದ ಕಿಲೋವ್ಯಾಟ್ ಸಾಲದೇ ಹೋಗಬಹುದು. ಬಿಲ್ ನೋಡಿ, ಸಾಲದಿದ್ದರೆ ಹೆಚ್ಚಿಸಲು ಅರ್ಜಿ ಹಾಕಿ. ಲೈಸೆನ್ಸ್ ಇರುವವರಿಂದಲೇ ಕೆಲಸ ಮಾಡಿಸಿ. ಡಿಬಿಯನ್ನು ಬೀರುವಿನ ಹಿಂದೆ ಅಡಗಿಸಬೇಡಿ. ಕತ್ತಲಲ್ಲೂ ಕೈಗೆ ಸಿಗಬೇಕು.

ಗೋಡೆಗೆ ಇನ್ನೂ ಪ್ಲಾಸ್ಟರ್ ಆಗದವರು ಪ್ಲಾನ್ ತನ್ನಿ. ನಾನು ಹೊರಗೆ ಹೊಂಗೆ ಮರದ ಕೆಳಗೆ ಕೂತಿರುತ್ತೇನೆ, ಡಿಬಿ ಎಲ್ಲಿ ಬರಬೇಕು ಅಂತ ಗುರುತು ಹಾಕಿಕೊಡುತ್ತೇನೆ. ಆ ವೈರಿನ ತುಂಡು ಎಲ್ಲಿಗೆ ಬಂತು? ಹಿಂದಿನ ಸಾಲಿನವರೂ ನೋಡಿ ವಾಪಸ್ ಕೊಡಿ. ಮುಂದಿನ ಭಾನುವಾರ ಪಕ್ಕದ ಬಡಾವಣೆಗೆ ಒಯ್ಯಬೇಕು.