ದಸರೆಯಿಂದ ದಸರೆಗೆ, ಒಂದು ಪ್ಲಾಸ್ಟಿಕ್ ಕುರ್ಚಿ

ಕೇಳುಗರಿಗೆ ನಮಸ್ಕಾರ.

ಚಿತ್ರ ಬರೆಯುವವಳನ್ನು ಕರೆದು ರೇಡಿಯೋದಲ್ಲಿ ಮಾತಾಡಿ ಅಂದರೆ ಏನು ಮಾಡೋದು ಹೇಳಿ. ನಿಮಗೆ ತೋರಿಸೋಕೆ ಇಲ್ಲಿ ಏನೂ ಇಲ್ಲ. ಒಂದು ಮೈಕು, ನಾಲ್ಕು ಹಾಳೆ, ಒಂದು ಲೋಟ ನೀರು. ಆದರೂ ಒಪ್ಪಿಕೊಂಡೆ. ಮೈಸೂರಿನವಳಾಗಿ ಆಕಾಶವಾಣಿಗೆ ಬರಲ್ಲ ಅನ್ನೋಕಾಗುತ್ತಾ? ಆ ಹೆಸರು ಹುಟ್ಟಿದ್ದೇ ನಮ್ಮೂರಲ್ಲಿ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ ಬಾನುಲಿ ಕೇಂದ್ರದ ಹೆಸರು ಅದು.

ನಮ್ಮೂರಲ್ಲಿ ವರ್ಷದ ಲೆಕ್ಕ ದಸರೆಯಿಂದ ದಸರೆಗೆ. ಹೋದ ದಸರೆಗೆ ಮನೆ ಬದಲಾಯಿಸಿದ್ವಿ, ಮುಂದಿನ ದಸರೆಗೆ ಸೊಸೆ ಬರ್ತಾಳೆ, ಹೀಗೆ. ನಾನೂ ಒಂದು ದಸರೆ ಮುಗಿದ ಮೇಲೆ ಕೆಲಸಕ್ಕೆ ಇಳಿದವಳು. ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ನಾವೆಲ್ಲ ಕಾವಾ ಅಂತೀವಲ್ಲ, ಅಲ್ಲಿ ಓದಿದೆ. ಆಮೇಲೆ ಎರಡು ವರ್ಷ ಮಕ್ಕಳಿಗೆ ಡ್ರಾಯಿಂಗ್ ಕ್ಲಾಸ್ ತೆಗೆದುಕೊಂಡೆ. ಹೋದ ದಸರೆ ಕಳೆದ ಮೇಲೆ ಅದನ್ನು ಬಿಟ್ಟು, ಒಂದು ವರ್ಷ ಬರೀ ಚಿತ್ರ ಬರೆದು ಬದುಕ್ತೀನಿ ಅಂತ ಮನೆಯಲ್ಲಿ ಹೇಳಿದೆ. ಅಮ್ಮ ಏನೂ ಅನ್ನಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲ ಅಂತ ನನಗೆ ಗೊತ್ತಿತ್ತು.

ಆ ವರ್ಷದಲ್ಲಿ ಬ್ರಷ್ ಹಿಡಿದು ಕೂತ ಹೊತ್ತಿಗಿಂತ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸುಮ್ನೆ ಕೂತ ಹೊತ್ತೇ ಜಾಸ್ತಿ. ಚಿತ್ರ ಗೋಡೆಗೆ ಹಾಕಿದ ಮೇಲೆ ಕಲಾವಿದೆಗೆ ಇರೋದು ಅದೊಂದೇ ಕೆಲಸ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾಯೋದು.

ಮೊದಲ ಸಲ ಕೂತಿದ್ದು ನವೆಂಬರ್‌ನಲ್ಲಿ. ಐದು ಜನ ಸ್ನೇಹಿತರು ಸೇರಿ ಐದು ದಿನಕ್ಕೆ ಒಂದು ಗ್ಯಾಲರಿ ಬಾಡಿಗೆ ಹಿಡಿದೆವು. ಉದ್ಘಾಟನೆಗೆ ಜನ ತುಂಬಿದ್ದರು. ದೀಪ ಹಚ್ಚಿದರು, ಹಾರ ಹಾಕಿದರು, ಅತಿಥಿಗಳು ನಲವತ್ತು ನಿಮಿಷ ಮಾತಾಡಿದರು. ಕಲೆ ಬದುಕನ್ನು ಬೆಳಗುತ್ತದೆ ಅಂದರು. ಆಮೇಲೆ ಬೋಂಡ, ಕಾಫಿ. ಕಾಫಿ ಮುಗಿದ ಹತ್ತು ನಿಮಿಷಕ್ಕೆ ಒಳಗೆ ನಾವು ಐದೇ ಜನ. ಗೋಡೆಯ ಕಡೆ ತಿರುಗಿದವರು ಎಷ್ಟು ಅಂತ ನಾನು ಎಣಿಸಿದ್ದೆ. ಸಂಖ್ಯೆ ಹೇಳಲ್ಲ, ಬೇಜಾರಾಗುತ್ತೆ.

ಎರಡನೇ ದಿನ ಮಧ್ಯಾಹ್ನ ಒಬ್ಬರು ಅವಸರದಲ್ಲಿ ಬಂದರು. ನಾನು ಎದ್ದು ನಿಂತೆ. ಟಾಯ್ಲೆಟ್ ಎಲ್ಲಿದೆ ಅಂತ ಕೇಳಿದರು. ಪಾಪ, ವಾಪಸ್ ಬರುವಾಗ ಮುಜುಗರಕ್ಕೋ ಏನೋ, ಒಂದು ಸುತ್ತು ಹಾಕಿ ಎಲ್ಲ ಚಿತ್ರ ನೋಡಿದರು. ಅಭಿಪ್ರಾಯ ಪುಸ್ತಕದಲ್ಲಿ 'ತುಂಬಾ ಉಪಯುಕ್ತವಾಗಿತ್ತು' ಅಂತ ಬರೆದು ಹೋದರು. ಯಾವುದು ಅಂತ ಬರೆದಿರಲಿಲ್ಲ.

ಆ ಪ್ರದರ್ಶನದಲ್ಲಿ ನನ್ನ ಚಿತ್ರ ಒಂದೂ ಹೋಗಲಿಲ್ಲ. ಬೆಲೆ ಇಟ್ಟ ರೀತಿಯೇ ಸರಿ ಇರಲಿಲ್ಲ ಅನ್ನಿ. ಇದನ್ನು ನಮಗೆ ಕಾಲೇಜಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಕಲಿಸಿದ್ದು ನಮ್ಮ ಅಪ್ಪ. ಅವರು ಅಗ್ರಹಾರದಲ್ಲಿ ಟೈಲರ್. ರಾತ್ರಿ ಊಟ ಆದ ಮೇಲೆ ಒಂದು ಚೀಟಿ ಕೊಟ್ಟು, ಒಂದು ಚಿತ್ರಕ್ಕೆ ಏನೇನು ಖರ್ಚು, ಬರಿ ಅಂದರು. ಬರೆದೆ. 300 ಜಿಎಸ್‌ಎಂನ ದಪ್ಪ ಹತ್ತಿ ಕಾಗದ. ಬಣ್ಣ. ಮೌಂಟು. ಅಡಿ ಲೆಕ್ಕದಲ್ಲಿ ಫ್ರೇಮು. ಗಾಜು. ಆಟೋ. ಅಪ್ಪ ಚೀಟಿಯನ್ನು ದೀಪದ ಹತ್ತಿರ ಹಿಡಿದು ನೋಡಿದರು.

"ಬಟ್ಟೆ ಬರೆದೆ, ನೂಲು ಬರೆದೆ, ಗುಂಡಿ ಬರೆದೆ. ಹೊಲಿಗೆ ಕೂಲಿ ಎಲ್ಲಮ್ಮ?"

ಹನ್ನೊಂದು ದಿನ ಕೂತು ಬರೆದ ಚಿತ್ರಕ್ಕೆ ನಾನು ನನ್ನ ಕೂಲಿಯನ್ನೇ ಹಾಕಿರಲಿಲ್ಲ. ಸ್ಫೂರ್ತಿಗೆ ರೇಟು ಹಾಕೋದು ಹೇಗೆ ಅಂತ ಏನೇನೋ ಅಂದೆ. ಅಪ್ಪ ನಕ್ಕರು. "ನನಗೂ ಸ್ಫೂರ್ತಿ ಬಂದ ದಿನ ಕಾಲರ್ ಚೆನ್ನಾಗಿ ಕೂರುತ್ತೆ. ಆವತ್ತು ಪುಕ್ಕಟೆ ಹೊಲಿದುಕೊಡ್ತೀನಾ?"

ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತು ಬಹಳ ವರ್ಷಗಳಿಂದ ನಡೆಸಿಕೊಂಡು ಬಂದಿರುವ ಸಂತೆ. ಆ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಬಸ್ಸಿಲ್ಲ, ಕಾರಿಲ್ಲ, ಎರಡೂ ಕಡೆ ಬರೀ ಚಿತ್ರ. ಸಾವಿರಕ್ಕೂ ಹೆಚ್ಚು ಕಲಾವಿದರು. ರಾಜಸ್ಥಾನದವರು, ಬಂಗಾಳದವರು, ಕೇರಳದವರು, ನಮ್ಮ ಕಲಬುರಗಿಯವರು. ನಾವು ಮೈಸೂರಿಂದ ಹಿಂದಿನ ರಾತ್ರಿಯೇ ಹೊರಟೆವು. ಅಮ್ಮನ ಹಳೇ ಬೆಡ್‌ಶೀಟಲ್ಲಿ ಚಿತ್ರ ಸುತ್ತಿ, ರೈಲಲ್ಲಿ ಮಗು ಮಲಗಿಸಿಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಹೋದೆ.

ಪಕ್ಕದ ಜಾಗದಲ್ಲಿದ್ದವರು ವಯಸ್ಸಾದ ಕಲಾವಿದರು, ಬಹಳ ಸಂತೆ ಕಂಡವರು. ಅವರ ಕ್ಯಾನ್ವಾಸೆಲ್ಲ ಒಂದು ಪಿವಿಸಿ ಪೈಪಿನೊಳಗೆ ಸುರುಳಿಯಾಗಿ ಬಂದಿದ್ದವು. ನನ್ನ ಗಾಜಿನ ಫ್ರೇಮುಗಳನ್ನು ನೋಡಿ ತಲೆ ಅಲ್ಲಾಡಿಸಿದರು. "ದೊಡ್ಡದನ್ನ ಹಿಂದೆ ನೇತುಹಾಕು, ಜನ ನಿಲ್ಲೋಕೆ. ಚಿಕ್ಕದನ್ನ ಕೈಗೆ ಸಿಗೋ ಹಾಗೆ ಮುಂದೆ ಇಡು, ತಗೊಂಡು ಹೋಗೋಕೆ." ಅದೊಂದು ಮಾತಿಗೆ ಅವರಿಗೆ ಎಷ್ಟು ಕಾಫಿ ಕುಡಿಸಿದರೂ ಸಾಲದು.

ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕಾಲಿಡೋಕೆ ಜಾಗ ಇರಲಿಲ್ಲ. ಸಂಸಾರ ಸಮೇತ ಬರುತ್ತಾರೆ. ಸೆಲ್ಫಿ ತೆಗೆಯುತ್ತಾರೆ, ಕಬ್ಬಿನಹಾಲು ಕುಡಿಯುತ್ತಾರೆ, ಚೌಕಾಸಿ ಮಾಡುತ್ತಾರೆ. ಚೌಕಾಸಿ ಕಂಡರೆ ಕೆಲವು ಕಲಾವಿದರಿಗೆ ಸಿಟ್ಟು ಬರುತ್ತೆ. ನನಗೆ ಬರಲಿಲ್ಲ. ಸಂತೆ ಅಂತ ಹೆಸರಿಟ್ಟ ಮೇಲೆ ಚೌಕಾಸಿ ಮಾಡಬೇಡಿ ಅನ್ನೋದು ಹೇಗೆ? ಬೇಜಾರಾಗಿದ್ದು ಬೇರೆ ಎರಡು ವಿಷಯಕ್ಕೆ. ಒಬ್ಬರು ನನ್ನ ಚಿತ್ರವನ್ನು ಮೊಬೈಲಲ್ಲಿ ನೀಟಾಗಿ ಫೋಟೋ ತೆಗೆದು, ಇದನ್ನೇ ಪ್ರಿಂಟ್ ಹಾಕಿಸ್ಕೋಬಹುದು ಬಿಡು ಅಂತ ಹೆಂಡತಿಗೆ ನನ್ನೆದುರೇ ಹೇಳಿದರು. ಇನ್ನೊಂದು, ಬೆಲೆ ಕೇಳಿದವರೆಲ್ಲ ಮುಂದೆ ಕೇಳಿದ ಪ್ರಶ್ನೆ. "ಆಯಿಲ್ ಅಲ್ವಾ? ವಾಟರ್ ಕಲರಾ? ಮತ್ತೆ ಇಷ್ಟೊಂದಾ?"

ಇದಕ್ಕೆ ನನ್ನ ಹತ್ತಿರ ಒಂದು ಉತ್ತರ ಇತ್ತು. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಚಿತ್ರ ನೋಡಿದ್ದೀರಾ ಅಂತ ಕೇಳುತ್ತಿದ್ದೆ. ಸ್ಕೂಲ್ ಟ್ರಿಪ್ಪಲ್ಲಿ ಮೈಸೂರಿಗೆ ಬಂದು ನೋಡಿರುತ್ತಾರೆ. "ಹ್ಞೂಂ, ರವಿವರ್ಮ ಬರೆದದ್ದಲ್ವಾ?" ಅಂತಾರೆ. ಅಲ್ಲ. ಬರೆದವರು ಎಸ್.ಎಲ್. ಹಲದಣಕರ್. ದೀಪ ಹಿಡಿದು ನಿಂತವರು ಅವರ ಮಗಳು. ಬೆರಳ ಸಂದಿಯಿಂದ ಸೋರುವ ಆ ಕೆಂಪು ಬೆಳಕಿದೆಯಲ್ಲ, ಅದು ಪೂರ್ತಿ ಜಲವರ್ಣ. ಎಣ್ಣೆ ಬಣ್ಣದಲ್ಲಿ ತಪ್ಪಾದರೆ ಮೇಲೆ ಇನ್ನೊಂದು ಪದರ ಬಳಿಯಬಹುದು. ನೀರಿನಲ್ಲಿ ಹಾಗಲ್ಲ. ಬಿಳಿ ಬೇಕಾದ ಕಡೆ ಕಾಗದವನ್ನೇ ಉಳಿಸಿಕೊಳ್ಳಬೇಕು. ಒಂದು ಸಲ ಹೋಯಿತು ಅಂದರೆ ಹೋಯಿತು. ಇಷ್ಟು ಕೇಳಿದ ಮೇಲೂ ಕೆಲವರು ಮುಂದಿನ ಅಂಗಡಿಗೆ ಹೋದರು. ಮೂವರು ತೆಗೆದುಕೊಂಡರು. ಮೂರೂ ಚಿಕ್ಕವು, ಕೈಗೆ ಸಿಗೋ ಹಾಗೆ ಮುಂದೆ ಇಟ್ಟವು.

ಫೆಬ್ರವರಿಯಲ್ಲಿ ಹೊಸದಾಗಿ ತೆರೆದ ಒಂದು ಕೆಫೆಯವರು ಕರೆದರು. ಹನ್ನೆರಡು ಅಡಿ ಗೋಡೆ, ಮ್ಯೂರಲ್ ಬೇಕು. ಅರ್ಧ ದುಡ್ಡು ಮೊದಲು, ಅರ್ಧ ಕೆಲಸ ಆದ ಮೇಲೆ. ಒಂಬತ್ತು ದಿನ ಏಣಿ ಮೇಲೆ ನಿಂತು ಮುಗಿಸಿದೆ. ಉಳಿದ ಅರ್ಧ ಮುಂದಿನ ವಾರ ಅಂದರು. ಆ ಮುಂದಿನ ವಾರ ಇನ್ನೂ ಬಂದಿಲ್ಲ. ಕೇಳೋಕೆ ಹೋದಾಗಲೆಲ್ಲ ಕೂರಿಸಿ ಕಾಫಿ ಕೊಡುತ್ತಾರೆ. ಒಳ್ಳೆಯ ಕಾಫಿನೇ. "ನಿಮಗೂ ಪಬ್ಲಿಸಿಟಿ ಆಗ್ತಿದೆಯಲ್ಲ ಮೇಡಂ" ಅಂತಾರೆ.

ದುಡ್ಡು ಕೇಳೋಕೆ ನನಗೆ ನಾಚಿಕೆ. ಆ ನಾಚಿಕೆ ಬಂದಾಗಲೆಲ್ಲ ಕಲಾವಿದ ಕೆ. ವೆಂಕಟಪ್ಪನವರನ್ನು ನೆನಪು ಮಾಡಿಕೊಳ್ಳುತ್ತೇನೆ. 1886ರಲ್ಲಿ ಹುಟ್ಟಿದವರು. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತು ಬಂದರು. ಊಟಿಯ ಮಂಜನ್ನು ಅವರ ಹಾಗೆ ಕಾಗದದ ಮೇಲೆ ಇಳಿಸಿದವರು ಕಡಿಮೆ. ವೀಣೆ ಶೇಷಣ್ಣನವರ ಶಿಷ್ಯರು ಕೂಡ. ಮದುವೆ ಮಾಡಿಕೊಳ್ಳಲಿಲ್ಲ, ಕಲೆಯೇ ಸಂಸಾರ. ಹೀಗೆ ಬದುಕಿದ ಮನುಷ್ಯ, ಅರಮನೆಗೆ ಮಾಡಿದ ಉಬ್ಬುಚಿತ್ರಗಳ ಹಣದ ವಿಚಾರದಲ್ಲಿ ಅರಮನೆಯ ಮೇಲೇ ಕೋರ್ಟಿಗೆ ಹೋದರು. ಅವರ ತಪಸ್ಸಿನ ಬಗ್ಗೆ ನಮಗೆ ಎಲ್ಲರೂ ಹೇಳಿದ್ದಾರೆ, ಆ ಕೋರ್ಟಿನ ಬಗ್ಗೆ ಹೇಳಿದವರು ಕಡಿಮೆ. ನಾನು ಕೋರ್ಟಿಗೆ ಹೋಗಲ್ಲ ಬಿಡಿ. ಕಾಫಿ ಕುಡಿಯೋದು ಮಾತ್ರ ನಿಲ್ಲಿಸಿದ್ದೇನೆ.

ಬೇಸಿಗೆಯಲ್ಲಿ ಇನ್ನೊಂದು ಸೊಕ್ಕು ಇಳಿಯಿತು. ನಮ್ಮ ಬೀದಿಯಲ್ಲೇ ಮೈಸೂರು ಸಾಂಪ್ರದಾಯಿಕ ಶೈಲಿಯಲ್ಲಿ ಬರೆಯುವ ಹಿರಿಯರಿದ್ದಾರೆ. ಕಾಲೇಜಲ್ಲಿ ಅದನ್ನು ನಾವು 'ದೇವರ ಫೋಟೋ' ಅಂತ ಗೇಲಿ ಮಾಡುತ್ತಿದ್ದೆವು. ಹೋಗಿ ಕೂತು ನೋಡಿದೆ. ತಂಜಾವೂರಿನದರ ಹಾಗೆ ಉಬ್ಬಿಸದೆ, ಒಡವೆಯನ್ನು ತೆಳ್ಳಗೆ, ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು ಎತ್ತರಿಸಿ, ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಹುಬ್ಬಿನ ಗೆರೆ ಎಳೆಯುವಾಗ ಉಸಿರು ಬಿಡಲ್ಲ. ನಾನೂ ಎಳೆದು ನೋಡಿದೆ. ಸರಸ್ವತಿಗೆ ಸಿಟ್ಟು ಬಂದ ಹಾಗೆ ಕಾಣಿಸಿತು.

ಈಗ ದೇವರಾಜ ಮಾರುಕಟ್ಟೆಗೆ ಬರುತ್ತೇನೆ. ಈ ವರ್ಷದಲ್ಲಿ ಹೇಳಲೇಬೇಕಾದ ಜಾಗ ಅದು.

2016ರಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ಬಿತ್ತು. ಆಗಿನಿಂದ ಕೆಡವಬೇಕು, ಉಳಿಸಬೇಕು ಅಂತ ಜಗಳ. ಇರುವಾಗಲೇ ಬರೆದುಕೊಳ್ಳೋಣ ಅಂತ ಏಪ್ರಿಲ್‌ನಿಂದ ದಿನಾ ಬೆಳಗ್ಗೆ ಹೋಗತೊಡಗಿದೆ. ಹೂವಿನವರ ಸಾಲು, ವೀಳ್ಯದೆಲೆಯವರು, ಕುಂಕುಮದ ಗುಡ್ಡೆಗಳು. ಕುಂಕುಮದ ಗುಡ್ಡೆಯನ್ನು ಎಲ್ಲರೂ ಬರೆದಿದ್ದಾರೆ, ಫಾರಿನ್‌ನವರು ಮೊದಲು ಅದರ ಫೋಟೋನೇ ತೆಗೆಯೋದು. ಅದಕ್ಕೇ ನಾನು ಬಾಳೆಹಣ್ಣಿನ ಸಾಲಿಗೆ ಹೋದೆ. ಅಲ್ಲಿನ ಒಬ್ಬ ಯಜಮಾನರು ಏನೂ ಕೇಳದೆ ತಮ್ಮ ಪ್ಲಾಸ್ಟಿಕ್ ಕುರ್ಚಿ ಕೊಟ್ಟು, ತಾವು ಮೂಟೆಯ ಮೇಲೆ ಕೂತರು.

ನಾಲ್ಕು ದಿನ ಬರೆದೆ. ಗೊನೆಗಳ ಮೇಲೆ ಬೀಳುವ ಮಾಡಿನ ಬೆಳಕು ಚೆನ್ನಾಗಿ ಬಂತು ಅಂತ ನನಗೇ ಖುಷಿ. ಐದನೇ ದಿನ ಅವರು ಹಿಂದೆ ಬಂದು ನಿಂತರು. ಬಹಳ ಹೊತ್ತು ನೋಡಿದರು.

"ಮಗಾ, ಇದು ಯಾವ ಹಣ್ಣು?"

"ಏಲಕ್ಕಿ, ಯಜಮಾನ್ರೇ."

"ಏಲಕ್ಕಿ ಚಿಪ್ಪು ಹಿಂಗೆ ಅಗಲ ಆಗಲ್ಲ ಕಣವ್ವ. ಒತ್ತೊತ್ತಾಗಿ ಕೂತಿರ್ತವೆ. ನೀನು ಬರೆದಿರೋದು ಪಚ್ಚಬಾಳೆ. ಬಣ್ಣ ಮಾತ್ರ ಏಲಕ್ಕಿದು."

ಅಷ್ಟರಲ್ಲಿ ಪಕ್ಕದ ಅಂಗಡಿಯವರು ಬಂದರು. ಅವರ ಪ್ರಕಾರ ಪಚ್ಚಬಾಳೆಯೂ ಅಲ್ಲ, ಗೊನೆಯ ದಿಂಡು ತೀರಾ ಸಣ್ಣ ಆಯಿತು, ಅಷ್ಟು ಭಾರ ತಡೆಯಲ್ಲ. ಎಲೆ ಮಾರುವ ಅಮ್ಮ ಬಂದು, ನೆರಳು ಆ ಹೊತ್ತಲ್ಲಿ ಆ ಕಡೆ ಬೀಳಲ್ಲ ಅಂದರು. ಹತ್ತು ನಿಮಿಷ ನನ್ನನ್ನು ಮರೆತು, ನನ್ನ ಚಿತ್ರದ ಬಗ್ಗೆ ಅವರವರೇ ವಾದ ಮಾಡಿದರು. ಐದು ವರ್ಷದ ಓದಿನಲ್ಲಿ ನನ್ನ ಚಿತ್ರವನ್ನು ಇಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ. ಜನ ಚಿತ್ರ ನೋಡಲ್ಲ ಅಂತ ನವೆಂಬರ್‌ನಲ್ಲಿ ಅತ್ತಿದ್ದೆನಲ್ಲ, ನೆನೆಸಿಕೊಂಡು ನಾಚಿಕೆಯಾಯಿತು. ಕಾವಾದಲ್ಲೇ ಓದಿದ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರು 2015ರಲ್ಲಿ ಬೆಂಗಳೂರಿನ ರಸ್ತೆ ಗುಂಡಿಯಲ್ಲಿ ಮೊಸಳೆಯ ಪ್ರತಿಮೆ ಕೂರಿಸಿದಾಗ ಊರೆಲ್ಲ ನಿಂತು ನೋಡಿತ್ತು. ಅದು ಅವರ ತಮಾಷೆಯ ಗುಣ ಅಂದುಕೊಂಡಿದ್ದೆ. ಜಾಗದ ಗುಣವೂ ಇರಬೇಕು.

ಆ ಚಿತ್ರ ಮತ್ತೆ ಬರೆದೆ. ಎರಡು ಸಲ. ಜುಲೈ ಮಳೆಯಲ್ಲಿ ಮೊದಲನೆಯದಕ್ಕೆ ಬೂಷ್ಟು ಹಿಡಿಯಿತು, ಹೋಗಲಿ, ಅದು ಹೇಗೂ ಪಚ್ಚಬಾಳೆ. ಕೊನೆಯದು ದಸರಾ ಕಲಾ ಪ್ರದರ್ಶನಕ್ಕೆ ಆಯ್ಕೆ ಆಯಿತು. ದೀಪಾಲಂಕಾರ ನೋಡೋಕೆ ಬಂದ ಜನ ಹಾಗೇ ಒಳಗೂ ಬಂದರು. ನನ್ನ ಕುರ್ಚಿ ಹಾಕಿಕೊಂಡು ಕೂತಿದ್ದೆ. ಒಬ್ಬ ಹುಡುಗಿ ಗಾಜಿನ ಮೇಲೆ ಬೆರಳಿಟ್ಟು ಹಣ್ಣು ಎಣಿಸಿದಳು. ಯಜಮಾನರಿಗೆ ಬನ್ನಿ ಅಂತ ಹೇಳಿಬಂದಿದ್ದೆ. ಬರಲಿಲ್ಲ. ದಸರೆಯಲ್ಲಿ ಬಾಳೆಹಣ್ಣಿನವರಿಗೆ ಬಿಡುವೆಲ್ಲಿ?

ಆಯುಧಪೂಜೆಗೆ ಮೂರು ದಿನ ಇರುವಾಗ ನಾನೇ ಹೋದೆ. ಅಂಗಡಿ ತೊಳೆದು ಸುಣ್ಣ ಹೊಡೆಸುತ್ತಿದ್ದರು. ಹಳೆಯ ತಗಡಿನ ಬೋರ್ಡ್ ಕೆಳಗಿಳಿಸಿ, "ಇದ್ರಲ್ಲಿ ಅಕ್ಷರ ಅಳಿಸೋಗದೆ, ನೀನು ಬರೆದುಕೊಡ್ತೀಯಾ ಮಗಾ? ಒಂದು ಗೊನೆಯೂ ಇರಲಿ" ಅಂದರು. ಕಲಾವಿದೆಗೆ ಬೋರ್ಡ್ ಬರೆಯೋಕೆ ಹೇಳೋದಾ ಅಂತ ಹೋದ ವರ್ಷ ಆಗಿದ್ದರೆ ಮುಖ ಊದಿಸಿಕೊಂಡಿರುತ್ತಿದ್ದೆ. ಎನಾಮೆಲ್ ಪೇಂಟ್ ತಂದು ಅಲ್ಲೇ ಕುರ್ಚಿ ಮೇಲೆ ಕೂತು ಬರೆದೆ. ಎಷ್ಟು ಅಂತ ಕೇಳಿದರು. ಪೇಂಟು, ಬ್ರಷ್ಷು, ಕೂಲಿ ಮೂರೂ ಸೇರಿಸಿ ಹೇಳಿದೆ. ಗಲ್ಲಾಪೆಟ್ಟಿಗೆಯಿಂದ ಎಣಿಸಿ ಕೊಟ್ಟರು. ಚೌಕಾಸಿ ಇಲ್ಲ, ಮುಂದಿನ ವಾರ ಇಲ್ಲ. ಮೇಲೊಂದು ಚಿಪ್ಪು ಏಲಕ್ಕಿ.

ಬೋರ್ಡಿನಲ್ಲಿ 'ಕೆಜಿಗೆ' ಅಂತ ಬರೆದು ಮುಂದೆ ಕಪ್ಪು ಬಣ್ಣದ ಖಾಲಿ ಜಾಗ ಬಿಟ್ಟಿದ್ದೇನೆ. ಹಬ್ಬದಲ್ಲಿ ರೇಟು ಬೆಳಗ್ಗೆ ಒಂದು, ಸಾಯಂಕಾಲ ಒಂದು. ಆ ಜಾಗದಲ್ಲಿ ಸೀಮೆಸುಣ್ಣದಿಂದ ಅವರೇ ಬರೆದುಕೊಳ್ಳುತ್ತಾರೆ.

ನಮಸ್ಕಾರ.